ಅಮ್ಮ ಹತ್ತದ ಗಾಡಿ

ಎದುರಿನ ಹಲ್ಲಿನ ಡಾಕ್ಟರು ಎಸ್‌ಯುವಿ ಕೊಂಡ ದಿನವೇ ನನ್ನ ಸೆಡಾನ್ ಕುಳ್ಳಗಾಯಿತು. ಅದುವರೆಗೆ ಏಳು ವರ್ಷ ಅದು ಸರಿಯಾದ ಎತ್ತರದಲ್ಲೇ ಇತ್ತು. ನನ್ನದು ಕನ್ನಡಕದ ಅಂಗಡಿ, ಅವರ ಕ್ಲಿನಿಕ್ಕು ರಸ್ತೆಯ ಆಚೆ ಬದಿ. ಪ್ರತಿ ಬೆಳಿಗ್ಗೆ ಅವರು ಮಹಡಿಯಿಂದ ಇಳಿದವರ ಹಾಗೆ ಗಾಡಿಯಿಂದ ಇಳಿದು, ಇನ್ನೂ ಕಾರಿನಲ್ಲೇ ಕೂತಿದ್ದ ನನ್ನತ್ತ ಬಗ್ಗಿ ಕೈ ಬೀಸುತ್ತಿದ್ದರು. ಆ ಬಗ್ಗುವುದನ್ನು ನನಗೆ ಸಹಿಸಲಾಗಲಿಲ್ಲ. ಸುಳ್ಳು ಯಾಕೆ ಹೇಳಲಿ, ನಾನು ಹೊಟ್ಟೆಕಿಚ್ಚಿನ ಹೆಂಗಸು. ಮೂರೇ ತಿಂಗಳಲ್ಲಿ ನಾನೂ ಒಂದು ಎಸ್‌ಯುವಿ ಕೊಂಡೆ, ಅವರದಕ್ಕಿಂತ ನಾಲ್ಕು ಬೆರಳು ಎತ್ತರದ್ದು.

ಹಳೆಯ ಕಾರನ್ನು ತಂಗಿಗೆ ಕೊಟ್ಟುಬಿಟ್ಟೆ. ಮನೆಯಲ್ಲಿ ಅವಳನ್ನು ಗುಬ್ಬಿ ಎನ್ನುತ್ತೇವೆ. ವಯಸ್ಸು ನಲವತ್ತು ದಾಟಿದೆ, ಈಜು ಕಲಿಸುವ ಕೆಲಸ, ಕೂದಲು ಯಾವಾಗ ನೋಡಿದರೂ ಒದ್ದೆ.

"ಅಕ್ಕ, ನಿಜವಾಗ್ಲೂ ಕೊಡ್ತಿದ್ದೀಯಾ?" ಎಂದು ಅವಳು ಕಣ್ಣರಳಿಸಿದಳು.

"ತಗೋ. ನನಗಿನ್ನು ಅದು ಸಣ್ಣದಾಯ್ತು" ಎಂದೆ, ದೊಡ್ಡ ಮನಸ್ಸಿನವಳ ಹಾಗೆ.

ಹೊಸದು ನನಗೆ ದೊಡ್ಡದಾಯಿತು ಎನ್ನುವುದು ಮರುದಿನವೇ ಗೊತ್ತಾಯಿತು. ಸೆಡಾನ್ ಎಲ್ಲಿಗೆ ಮುಗಿಯುತ್ತದೆ ಎನ್ನುವುದು ನನ್ನ ಮೈಗೇ ತಿಳಿದಿತ್ತು. ಇದರ ಬಾನೆಟ್ ಎಲ್ಲಿಗೆ ಮುಗಿಯುತ್ತದೆ ಎನ್ನುವುದು ಗೇಟಿನ ಪಕ್ಕದ ಹೂಕುಂಡ ಒಡೆದ ಮೇಲೆ ತಿಳಿಯಿತು. ತಿರುವಿನಲ್ಲಿ ಹಳೆಯ ವೇಗಕ್ಕೇ ತಿರುಗಿಸಿದರೆ ಗಾಡಿ ಒಂದು ಕಡೆಗೆ ವಾಲಿ ಜೀವ ಬಾಯಿಗೆ ಬರುತ್ತಿತ್ತು. ಎತ್ತರದಲ್ಲಿ ಕೂತವರಿಗೆ ವೇಗ ತಿಳಿಯುವುದಿಲ್ಲ. ನಿಧಾನವಾಗಿಯೇ ಹೋಗುತ್ತಿದ್ದೇನೆ ಅಂದುಕೊಂಡು ಮುಳ್ಳು ನೋಡಿದರೆ ಅದು ಬೇರೆಯೇ ಕಥೆ ಹೇಳುತ್ತಿತ್ತು. ಮುಂದಿನ ಗಾಜಿನ ಪಕ್ಕದ ದಪ್ಪ ಕಂಬದ ಮರೆಯಲ್ಲಿ ಒಮ್ಮೆ ಇಡೀ ಸೈಕಲ್ಲೊಂದು ಅಡಗಿಕೊಂಡಿತ್ತು. ಅಂಗಡಿಯ ನೆಲಮಾಳಿಗೆಗೆ ಇಳಿಸುವಾಗ ಚಾವಣಿಯ ಪೈಪು ತಗಲೀತೆಂದು ನಾನೇ ತಲೆ ತಗ್ಗಿಸುತ್ತಿದ್ದೆ. ಅಲ್ಲಿನ ಕಾವಲುಗಾರ ವಾರವೆಲ್ಲ ನೋಡಿ, "ಮೇಡಂ, ನೀವು ತಗ್ಗಿದ್ರೆ ಗಾಡಿ ತಗ್ಗಲ್ಲ" ಎಂದ.

ಒಂದು ತಿಂಗಳಲ್ಲಿ ಇದೆಲ್ಲ ನನಗೆ ಒಗ್ಗಿತು. ಒಗ್ಗದೆ ಹೋದದ್ದು ಅಮ್ಮನಿಗೆ.

ಅಮ್ಮನ ಎಡ ಮೊಣಕಾಲಿಗೆ ಹಿಂದಿನ ವರ್ಷ ಆಪರೇಷನ್ ಆಗಿತ್ತು. ಗುರುವಾರ ಸಂಜೆ ನಾಲ್ಕಕ್ಕೆ ಫಿಸಿಯೋಥೆರಪಿ. ಅಮ್ಮ ಇರುವುದು ಗುಬ್ಬಿಯ ಮನೆಯ ಮಗ್ಗುಲಲ್ಲೇ, ಆದರೂ ಕರೆದೊಯ್ಯುವ ಕೆಲಸವನ್ನು ನಾನೇ ಹಟ ಹಿಡಿದು ತೆಗೆದುಕೊಂಡಿದ್ದೆ. ಹೋಗುತ್ತ ಇಪ್ಪತ್ತು ನಿಮಿಷ, ಬರುತ್ತ ಇಪ್ಪತ್ತು ನಿಮಿಷ ಅಮ್ಮ ನನ್ನೊಬ್ಬಳವಳು. ಗುಬ್ಬಿ ಹುಟ್ಟಿ ನನ್ನನ್ನು ಮಡಿಲಿನಿಂದ ಇಳಿಸಿದ ಮೇಲೆ ನನ್ನ ಪಾಲಿಗೆ ಅಷ್ಟು ಅಮ್ಮ ಸಿಕ್ಕಿದ್ದು ಆ ಕಾರಿನಲ್ಲೇ.

ಹೊಸ ಗಾಡಿಯ ಮೆಟ್ಟಿಲ ಮೇಲೆ ಅಮ್ಮ ಬಲಗಾಲಿಟ್ಟು, ಮೇಲಿನ ಹಿಡಿಕೆ ಹಿಡಿದು, ಅಲ್ಲೇ ನಿಂತಳು. ನಾನು ಹಿಂದಿನಿಂದ ತಳ್ಳಿದೆ.

"ಮೂಟೆ ಹಾಕೋ ಹಾಗೆ ಹಾಕ್ಬೇಡ ಕಣೆ."

ಇಳಿಯುವಾಗ ಕಾಲು ಜಾರಿ ಬಾಗಿಲಿಗೆ ಜೋತುಬಿದ್ದಳು. ಪುಣ್ಯಕ್ಕೆ ಏನೂ ಆಗಲಿಲ್ಲ. "ಮೊದ್ಲು ತಿರುಗಿ ಕೂತ್ಕೋ ಅಂದೆ ತಾನೆ? ಹೇಳಿದ್ದನ್ನ ಒಂದ್ಸಲನಾದ್ರೂ ಕೇಳ್ತೀಯಾ?" ಎಂದು ರೇಗಿದೆ. ಗಾಬರಿಗೆ ರೇಗಿದ್ದು, ಆದರೂ ರೇಗಿದ್ದು ರೇಗಿದ್ದೇ. ಮುಂದಿನ ಬುಧವಾರ ಫೋನು ಬಂತು.

"ನಾಳೆ ಗುಬ್ಬಿ ಕರ್ಕೊಂಡು ಹೋಗ್ತಾಳೆ ಬಿಡು. ಆ ಕಾರು ನನ್ನ ಕಾಲಿಗೆ ಸರಿಹೋಗುತ್ತೆ."

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂದು ಸುಮ್ಮನೆ ಹೇಳಿಲ್ಲ. ಪ್ರತಿ ಗುರುವಾರ ಮೂರೂಮುಕ್ಕಾಲಿಗೆ ನನ್ನ ಕಾರು, ನನ್ನ ಅಮ್ಮನನ್ನು ಕೂರಿಸಿಕೊಂಡು, ನನ್ನದೇ ಅಂಗಡಿಯ ಮುಂದೆ ಹಾದುಹೋಗುತ್ತಿತ್ತು. ಒಂದು ಗುರುವಾರ ಗಿರಾಕಿಯೊಬ್ಬರ ಕಣ್ಣು ಪರೀಕ್ಷೆ ಮಾಡುತ್ತ, "ಈಗ ಹೇಗೆ ಕಾಣುತ್ತೆ?" ಎಂದು ಕೇಳುತ್ತಿದ್ದೆ, ನೋಟವೆಲ್ಲ ರಸ್ತೆಯ ಮೇಲೆ. "ಮೊದಲಿನ ಹಾಗೇ ಕಾಣುತ್ತೆ" ಎನ್ನುತ್ತಲೇ ಇದ್ದರು ಪಾಪ. ಅವರ ಕಣ್ಣಿಗಿಟ್ಟ ಪರೀಕ್ಷೆಯ ಚೌಕಟ್ಟಿಗೆ ಗಾಜು ಹಾಕುವುದನ್ನೇ ಮರೆತಿದ್ದೆ.

ಅದಕ್ಕಿಂತ ಹೆಚ್ಚು ಉರಿಸಿದ್ದು ಅವರು ವಾಪಸಾಗುವ ಹೊತ್ತು. ನನ್ನ ಜೊತೆ ಐದೂಕಾಲಿಗೆಲ್ಲ ಮನೆ ಸೇರುತ್ತಿದ್ದ ಅಮ್ಮ ಈಗ ಆರೂವರೆಯಾದರೂ ಫೋನು ಎತ್ತುತ್ತಿರಲಿಲ್ಲ. ಕೇಳಿದರೆ, "ಹೀಗೇ ಒಂದು ರೌಂಡು ಹೋಗಿದ್ವಿ" ಎನ್ನುವಳು, ದನಿಯಲ್ಲಿ ನಗು. ನನ್ನ ಜೊತೆ ಯಾವತ್ತೂ ಯಾವ ರೌಂಡೂ ಇರಲಿಲ್ಲ. ಅಮ್ಮನಿಗೆ ನಾನೇನು ಬಾಡಿಗೆ ಡ್ರೈವರೇ ಎಂದು ಸ್ಟವ್ ಮುಂದೆ ನಿಂತು ಹಾಲನ್ನು ಕೇಳಿದೆ. ಹಾಲು ಉಕ್ಕಿತು.

ಕೊನೆಗೆ ಬಡಗಿಯ ಹತ್ತಿರ ಹೋಗಿ ಒಂದು ಗಟ್ಟಿ ಮಣೆ ಮಾಡಿಸಿದೆ. ಅಗಲವಾದದ್ದು, ಮೇಲೆ ರಬ್ಬರು ಹೊಡೆಸಿದ್ದು, ಅಮ್ಮ ಆರಾಮಾಗಿ ಎರಡೂ ಕಾಲಿಟ್ಟು ಗಾಡಿ ಹತ್ತಬಹುದಾದದ್ದು. ಗುರುವಾರ ಅಂಗಡಿಯನ್ನು ಬೇಗ ಮುಚ್ಚಿ, ಅದನ್ನು ಹಿಂದೆ ಹಾಕಿಕೊಂಡು, ಅಮ್ಮನನ್ನು ಗುಬ್ಬಿಯಿಂದ ಬಿಡಿಸಿಕೊಂಡು ಬರಲು ಹೊರಟೆ.

"ಅಮ್ಮ ಆಗ್ಲೇ ಹೊರಟ್ರಲ್ಲ" ಎಂದಳು ಫಿಸಿಯೋಥೆರಪಿಯ ಹುಡುಗಿ. "ಈಗೀಗ ತುಂಬ ಚುರುಕಾಗಿದ್ದಾರೆ. ಅರ್ಧ ಗಂಟೆಗೆಲ್ಲ ಎದ್ದುಬಿಡ್ತಾರೆ, ಮುಖ್ಯ ಕೆಲ್ಸ ಇದೆ ಅಂತ."

ಏನು ಮುಖ್ಯ ಕೆಲಸವೋ ಎಂದು ಹಲ್ಲು ಕಚ್ಚಿಕೊಂಡು ಗಾಡಿ ತಿರುಗಿಸಿದೆ. ಫಿಸಿಯೋಥೆರಪಿ ಕ್ಲಿನಿಕ್ಕಿನ ಹಿಂದೆ ಮುಚ್ಚಿಹೋದ ಕಾರ್ಖಾನೆಯ ದೊಡ್ಡ ಬಯಲು, ಸುತ್ತ ಗೋಡೆ. ಹಳೆಯ ಕಾರಿನಲ್ಲಿ ಬಂದಿದ್ದರೆ ಗೋಡೆ ಮಾತ್ರ ಕಾಣುತ್ತಿತ್ತು. ಈ ಎತ್ತರದಿಂದ ಗೋಡೆಯಾಚೆ ನನ್ನ ಸೆಡಾನಿನ ನೆತ್ತಿ ಕಂಡಿತು. ಬಯಲಿನ ನಡುವೆ ಅದು ಆಮೆಯ ಹಾಗೆ ತೆವಳುತ್ತಿತ್ತು. ಗುಬ್ಬಿ ಯಾಕಿಷ್ಟು ಕೆಟ್ಟದಾಗಿ ಓಡಿಸುತ್ತಿದ್ದಾಳೆ ಎಂದುಕೊಂಡು, ತೆರೆದೇ ಇದ್ದ ಗೇಟಿನಿಂದ ಒಳಗೆ ನುಗ್ಗಿ, ಅದರ ಹಿಂದೆಯೇ ನಿಲ್ಲಿಸಿದೆ.

ಅಷ್ಟು ಹತ್ತಿರ ನಿಲ್ಲಿಸಬಾರದಿತ್ತು. ಸೆಡಾನ್ ಹಿಂದಕ್ಕೆ ಬರುತ್ತಿತ್ತು. ಕನ್ನಡಿಯಲ್ಲಿ ದಿಢೀರೆಂದು ಗೋಡೆಯಂತೆ ಎದ್ದ ನನ್ನ ಗಾಡಿ ಕಂಡು ಅದು ನಿಲ್ಲುವ ಬದಲು ಜಿಗಿಯಿತು. ಢಂ ಎಂದು ನನ್ನ ಬಂಪರಿಗೆ ಬಂದು ಗುದ್ದಿತು.

ನಾನು ಧುಮುಕಿ ಇಳಿದೆ. ಗುಬ್ಬಿ ಇಳಿದದ್ದು ಪಕ್ಕದ ಸೀಟಿನಿಂದ. ಸ್ಟೀರಿಂಗ್ ಹಿಡಿದು ಕೂತಿದ್ದವಳು ಅಮ್ಮ. ಕಿಟಕಿಯ ಗಾಜು ಇಳಿದೇ ಇತ್ತು. ಅಮ್ಮ ನನ್ನನ್ನು ನೋಡಿದಳು, ಎರಡೂ ಕೈ ಎದೆಯ ಹತ್ತಿರ ಮುದುಡಿಕೊಂಡಳು.

"ಬೈಬೇಡ ಕಣೆ" ಎಂದಳು.

ಎಪ್ಪತ್ತರ ಹತ್ತಿರದ ನನ್ನ ತಾಯಿ, ನನಗೆ.

"ಅಕ್ಕ, ತಪ್ಪು ನಂದು" ಎನ್ನುತ್ತ ಗುಬ್ಬಿ ನಮ್ಮಿಬ್ಬರ ಮಧ್ಯೆ ಬಂದು ನಿಂತಳು. "ಕಲಿಯೋ ಲೈಸೆನ್ಸ್ ಮಾಡಿಸಿದ್ದೀನಿ. ಆಟೋಮ್ಯಾಟಿಕ್ ಅಲ್ವಾ, ಎಡಗಾಲಿಗೆ ಕೆಲ್ಸಾನೇ ಇಲ್ಲ. ಮೊಣಕಾಲಿನ ಡಾಕ್ಟರೂ ಸರಿ ಅಂದ್ರು."

ನನ್ನ ಬಂಪರು ಹಾಳಾಗಿ ಹೋಗಲಿ. ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಬೇರೆಯದಕ್ಕೆ. ಏಳು ವರ್ಷ ಆ ಕಾರು ನನ್ನ ಬಳಿ ಇತ್ತು, ಅಮ್ಮ ಪಕ್ಕದಲ್ಲೇ ಇದ್ದಳು.

"ನನ್ನನ್ನ ಯಾಕಮ್ಮ ಕೇಳ್ಲಿಲ್ಲ?"

"ಕೇಳಿದ್ದೆ" ಎಂದಳು ಅಮ್ಮ, ಸ್ಟೀರಿಂಗನ್ನೇ ನೋಡುತ್ತ. "ಎರಡು ಸಲ. ಮೊದಲ್ನೇ ಸಲ ನೀನು ನಕ್ಕೆ. ಎರಡನೇ ಸಲ, ನಿಂಗ್ಯಾಕೆ ಈ ವಯಸ್ಸಲ್ಲಿ, ನಾನಿಲ್ವಾ, ಅಂದೆ."

ನನಗೆ ನೆನಪೇ ಇರಲಿಲ್ಲ. ನಾನಿಲ್ವಾ ಎನ್ನುವ ಮಾತು ಮಾತ್ರ ನನ್ನದೇ. ಅದನ್ನು ನಾನು ಪ್ರೀತಿಯೆಂದೇ ತಿಳಿದು ಎಲ್ಲರಿಗೂ ಹೇಳುತ್ತಿದ್ದೆ.

"ಈಗ ಕಲಿಸ್ತೀನಿ" ಎಂದೆ. "ಗುಬ್ಬಿ, ನೀನು ಈಚೆ ಬಾ. ಅಮ್ಮ, ಇನ್ನೊಂದ್ಸಲ ಹಿಂದಕ್ಕೆ ತೆಗಿ, ನಾನು ಪಕ್ಕದಲ್ಲಿ ಕೂತ್ಕೋತೀನಿ."

ಅಮ್ಮ ಗುಬ್ಬಿಯ ಮುಖ ನೋಡಿದಳು. ಆಮೇಲೆ ನನ್ನ ಕೈಯನ್ನು ಕಿಟಕಿಯಿಂದಲೇ ಹಿಡಿದುಕೊಂಡಳು, ಬಹಳ ಮೆತ್ತಗೆ.

"ನೀನು ಮನೆಗೆ ಹೋಗಿರು ಮಗಳೇ. ನೀನಿದ್ರೆ ನನ್ನ ಕೈ ನಡುಗುತ್ತೆ."

ಸಿಟ್ಟಿನಿಂದ ಹೇಳಿದ್ದರೆ ಜಗಳವಾಡಬಹುದಿತ್ತು. ನಾನು ಗಾಡಿ ಹತ್ತಿದೆ. ಅಷ್ಟು ದೊಡ್ಡ ಬಯಲಿನಲ್ಲೂ ತಿರುಗಿಸಲು ಮೂರು ಸಲ ಹಿಂದೆ ಮುಂದೆ ಮಾಡಬೇಕಾಯಿತು, ಕಣ್ಣು ಮಂಜಾಗಿತ್ತು. ಗೇಟು ದಾಟಿ, ಗಾಡಿ ನಿಲ್ಲಿಸಿ, ತೆರೆದ ಗೇಟಿನ ಮೂಲಕ ಹಿಂತಿರುಗಿ ನೋಡಿದೆ. ಸೆಡಾನ್ ಸ್ವಲ್ಪ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಹಿಂದಿನ ಬಿಳಿ ದೀಪ ಹೊತ್ತಿತು. ಅಮ್ಮ ಒಂದೇ ಸಲಕ್ಕೆ, ಎಲ್ಲೂ ತಡವರಿಸದೆ, ನೆಟ್ಟಗೆ ಹಿಂದಕ್ಕೆ ಬಂದು, ನೆಲದ ಮೇಲೆ ಗುಬ್ಬಿ ಎಳೆದಿದ್ದ ಸುಣ್ಣದ ಗೆರೆಯೊಳಗೆ ನಿಲ್ಲಿಸಿದಳು.

ಗುಬ್ಬಿ ಚಪ್ಪಾಳೆ ತಟ್ಟುವುದು ಅಷ್ಟು ದೂರಕ್ಕೆ ಕೇಳಿಸಲಿಲ್ಲ, ಕಾಣಿಸಿತು. ಆ ಚಪ್ಪಾಳೆ ನಾನು ತಟ್ಟಬೇಕಾದದ್ದು. ತಟ್ಟಲು ನಾನು ಅಲ್ಲಿದ್ದಿದ್ದರೆ ಗಾಡಿ ಹಾಗೆ ನೆಟ್ಟಗೆ ಬರುತ್ತಿರಲಿಲ್ಲ.