ಮೇಷ್ಟ್ರ ತಾರೀಖು

ಫಿಜಾಗೆ ಶ್ರೀನಿವಾಸಮೂರ್ತಿ ಮೇಷ್ಟ್ರೆಂದರೆ ಇವತ್ತಿಗೂ ಭಯ. ತರೀಕೆರೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳಾಗಿ ಎರಡು ವರ್ಷ ಕಳೆದಿದ್ದರೂ ಅಜ್ಜಂಪುರದಲ್ಲಿ ಅವರ ಮನೆಯ ಗೇಟು ತೆಗೆಯುವಾಗ ಅಂಗೈ ಬೆವರುತ್ತಿತ್ತು. ಹೈಸ್ಕೂಲಿನಲ್ಲಿ ಉತ್ತರದ ಮುಂದೆ ಸೆಂಟಿಮೀಟರ್ ಎಂದು ಬರೆಯಲು ಮರೆತರೆ ಇಡೀ ಪುಟಕ್ಕೆ ಕೆಂಪು ಗೀಟು ಎಳೆಯುತ್ತಿದ್ದ ಮನುಷ್ಯ. ಈಗ ಎಂಬತ್ತೊಂದು. ಗೀಟು ಎಳೆಯುವ ಕೈ ನಡುಗುತ್ತದೆ, ದನಿ ಮಾತ್ರ ಹಾಗೇ ಇದೆ.

ಆ ಗುರುವಾರ ಬೆಳಗ್ಗೆ ಮಾತ್ರ ಅವಳು ಕುಣಿದುಕೊಂಡೇ ಬಂದಿದ್ದಳು.

ಮೇಷ್ಟ್ರು ಮೂವತ್ತು ವರ್ಷ ಬುಕ್ಕಾಂಬುಧಿಯ ಕೆರೆ ಏರಿಯ ಮೇಲೆ ದುರ್ಬೀನು ಇಟ್ಟುಕೊಂಡು ಕೂತು, ಧೂಮಕೇತುಗಳ ಹೊಳಪು ಎಷ್ಟೆಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಊರವರ ಪಾಲಿಗೆ ಅದು ಶುದ್ಧ ಹುಚ್ಚು. ಧೂಮಕೇತು, ಕ್ಷುದ್ರಗ್ರಹಗಳ ದಾಖಲೆಯನ್ನೆಲ್ಲ ಒಂದೆಡೆ ಕಾಪಾಡಿ, ಜಗತ್ತಿನಲ್ಲಿ ಯಾರು ಬೇಕಾದರೂ ತೆಗೆದು ನೋಡುವಂತೆ ಮಾಡಿರುವ ಹೊರದೇಶದ ಭಂಡಾರವೊಂದಿದೆ. ಫಿಜಾ ಎಂಟು ತಿಂಗಳು ಕೂತು ಇಪ್ಪತ್ತಾರು ನೋಟ್‌ಬುಕ್ಕುಗಳನ್ನೂ ಕಂಪ್ಯೂಟರಿಗೆ ಹಾಕಿ, ನಮ್ಮ ಗಂಟೆಯನ್ನು ಅವರ ಗಂಟೆಗೆ ಬದಲಿಸಿ ಅಲ್ಲಿಗೆ ಕಳಿಸಿದ್ದಳು.

ಮೂರು ದಿನದ ಹಿಂದೆ ಅಲ್ಲಿಂದ ಪತ್ರ ಬಂತು. ಹದಿನೆಂಟು ವರ್ಷದ ಕೆಳಗೆ ಒಂದು ಧೂಮಕೇತು ಇದ್ದಕ್ಕಿದ್ದಂತೆ ನೂರು ಪಟ್ಟು ಹೊಳೆದಿತ್ತು. ಉಳಿದವರೆಲ್ಲ ಅದನ್ನು ಕಂಡದ್ದು ನಿಮ್ಮ ಗಂಟೆಯ ಲೆಕ್ಕದಲ್ಲಿ ಹದಿಮೂರನೇ ತಾರೀಖು ಬೆಳಗಿನ ಜಾವ. ನಿಮ್ಮ ಮೇಷ್ಟ್ರು ಹನ್ನೆರಡರ ಬೆಳಗಿನ ಜಾವವೇ ಕಂಡಿದ್ದಾರೆ. ನಮ್ಮ ಪ್ರಬಂಧದಲ್ಲಿ ಅವರ ಹೆಸರು ಮೊದಲು ಬರುತ್ತದೆ, ಶುಕ್ರವಾರದೊಳಗೆ ಆ ಪುಟದ ಫೋಟೋ ಕಳಿಸಿ ಎಂದು ಬರೆದಿದ್ದರು. ಹುಚ್ಚು ಎಂದಿದ್ದ ಬಾಯಿಗಳೇ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟಿಸಿದವು: ‘ಜಗತ್ತಿಗಿಂತ ಒಂದು ದಿನ ಮೊದಲು ಕಂಡವರು ನಮ್ಮ ಮೇಷ್ಟ್ರು.’ ಶನಿವಾರ ಸನ್ಮಾನ, ಶಾಲು, ಹಾರ ಎಲ್ಲ ನಿಗದಿಯಾಯಿತು.

ಫೋಟೋ ತೆಗೆಯಲೆಂದು ಬಂದ ಫಿಜಾ ನಡುಮನೆಯಲ್ಲಿ ಕೂತಳು. ಎದುರಿಗೆ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು. ಅದರಲ್ಲಿ ಇನ್ನೂ ಬುಧವಾರ.

“ಅಮ್ಮಾ, ಹಾಳೆ ಹರಿಯೋದು ಮರ್ತಿದೀರಾ? ಹರೀಲಾ?” ಎಂದು ಎದ್ದಳು.

“ಮುಟ್ಟಬೇಡ ಕಣಮ್ಮ!” ಮೇಷ್ಟ್ರ ಹೆಂಡತಿ ಶಾರದಾಂಬಾ ಅಡುಗೆಮನೆಯಿಂದಲೇ ಕೂಗಿದರು. “ಅವ್ರು ಸ್ನಾನಕ್ಕೆ ಹೋಗಿದಾರೆ. ಬಂದು ದೀಪ ಹಚ್ಚಿದ್ಮೇಲೇ ಹರಿಯೋದು. ಅಲ್ಲೀವರೆಗೂ ಅವ್ರಿಗೆ ನಿನ್ನೇನೇ. ಅವ್ರಪ್ಪನ ಕಾಲದಿಂದ ಹಿಂಗೇ.”

ಫಿಜಾ ನಿಂತಲ್ಲೇ ನಿಂತಳು.

ಕಪಾಟಿನಿಂದ ಆ ವರ್ಷದ ನೋಟ್‌ಬುಕ್ಕು ತೆಗೆದಳು. ಪುಟದಲ್ಲಿ ಮೊದಲು ‘12, ಸಂಜೆ 7, ಮೋಡ’ ಎಂದಿತ್ತು. ಅದರ ಕೆಳಗೆ ‘12, ಬೆಳಗಿನ ಜಾವ 4.30, ಅಬ್ಬಾ!’ ಮೇಷ್ಟ್ರು ನಿದ್ದೆಗಣ್ಣಲ್ಲಿ ಹಿಂದುಮುಂದಾಗಿ ಬರೆದಿದ್ದಾರೆಂದು ಅಂದು ತಾನೇ ನಕ್ಕು ಮುಂದೆ ಹೋಗಿದ್ದಳು. ಹಿಂದುಮುಂದು ಏನೂ ಆಗಿರಲಿಲ್ಲ. ಸ್ನಾನವಾಗದೆ ತಾರೀಖು ಬದಲಾಗದ ಮನುಷ್ಯನಿಗೆ ಹದಿಮೂರರ ಬೆಳಗಿನ ಜಾವವೂ ಹನ್ನೆರಡೇ. ಮೇಷ್ಟ್ರು ಕಂಡದ್ದು ಎಲ್ಲರೂ ಕಂಡ ಹೊತ್ತಿನಲ್ಲೇ. ಆ ಒಂದು ದಿನವನ್ನು ಹುಟ್ಟಿಸಿದವಳು ತಾನು.

ಅವಳಿಗಾದರೂ ತಿಳಿಯಬೇಡವೇ? ಹೊತ್ತು ಮುಳುಗಿ ಮಗ್ರಿಬ್ ನಮಾಜು ಮುಗಿಯಿತೆಂದರೆ ಅವಳ ಅಜ್ಜಿ ಸುಗ್ರಾಬಿಗೆ ಆಗಲೇ ಮಾರನೆಯ ದಿನ. ಗುರುವಾರ ಸಂಜೆಯೇ ಜುಮ್ಮಾ ರಾತ್ರಿ, ಅಂದರೆ ಶುಕ್ರವಾರ ಶುರು. ದಿನ ಒಂದೊಂದು ಮನೆಯಲ್ಲಿ ಒಂದೊಂದು ಹೊತ್ತಿಗೆ ಹೊರಳುತ್ತದೆಂದು ಹಾಲು ಕುಡಿಯುವಾಗಿನಿಂದ ನೋಡಿದವಳು, ಮೇಷ್ಟ್ರ ಮನೆಗೆ ಮಾತ್ರ ಮಧ್ಯರಾತ್ರಿಯನ್ನೇ ಹಚ್ಚಿಬಿಟ್ಟಿದ್ದಳು. ಬೆಳಗಿನ ಜಾವದ ನಾನೂರು ದಾಖಲೆಯೂ ಒಂದೊಂದು ದಿನ ಹಿಂದೆ. ಧೂಮಕೇತುವಿನ ಹೊಳಪು ಸಾಮಾನ್ಯವಾಗಿ ಒಂದು ದಿನಕ್ಕೆ ಅಷ್ಟೇನೂ ಬದಲಾಗದ ಕಾರಣ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಸುಮ್ಮನಿದ್ದರೆ? ಫೋಟೋದಲ್ಲಿ ಸಂಜೆಯ ಸಾಲನ್ನು ಬಿಟ್ಟು ಕೆಳಗಿನದನ್ನಷ್ಟೇ ತೆಗೆದರೆ ಯಾರಿಗೂ ಗೊತ್ತಾಗದು. ಆದರೆ ಆ ಸುಳ್ಳಿನ ಮೇಲೆ ಯಾರ‍್ಯಾರೋ ಲೆಕ್ಕ ಕಟ್ಟುತ್ತಾ ಹೋಗುತ್ತಾರೆ. ಹೇಳಿದರೆ? ಎಂಬತ್ತೊಂದನೆಯ ವರ್ಷಕ್ಕೆ ಸಿಕ್ಕ ಶಾಲನ್ನು ತನ್ನ ಕೈಯಾರೆ ಎಳೆದಂತೆ. ಹೋದ ತಿಂಗಳಷ್ಟೇ ಎದೆನೋವೆಂದು ಆಸ್ಪತ್ರೆ ಕಂಡು ಬಂದ ಜೀವ.

ಬಚ್ಚಲ ಬಾಗಿಲು ತೆರೆಯಿತು. ಮೇಷ್ಟ್ರು ಬಂದು ದೀಪ ಹಚ್ಚಿದರು. ತಿರುಗಿದಾಗ ಅವಳ ಕೈಯಲ್ಲಿದ್ದ ನೋಟ್‌ಬುಕ್ಕು ಕಂಡಿತು.

“ಸಾರ್,” ಎಂದಳು. ಪುಟ ತೆರೆದು ಅವರ ಮುಂದೆ ಹಿಡಿದಳು. “ನೀವು ಮೊದಲು ನೋಡಿಲ್ಲ ಸಾರ್. ನಾನು ತಾರೀಖು ತಪ್ಪು ಹಾಕ್ಬಿಟ್ಟೆ. ಎಲ್ಲಾನೂ ತಪ್ಪು ಹಾಕಿದೀನಿ.”

ಕೆಂಪು ಗೀಟಿಗಾಗಿ ಕಾದಳು. ಮೇಷ್ಟ್ರು ಕುರ್ಚಿ ಹಿಡಿದು ನಿಧಾನವಾಗಿ ಕೂತರು. ಮುಖ ಬಿಳಿಚಿಕೊಂಡಿತ್ತು.

“ಪತ್ರ ಓದಿದ ದಿನಾನೇ ಗೊತ್ತಾಯ್ತು ಕಣಮ್ಮ,” ಎಂದರು. “ನಾನು ನೋಡಿದ ದಿನ ಸಂಜೇನೇ ರೇಡಿಯೋದಲ್ಲೂ ಬಂದಿತ್ತು, ಆವತ್ತು ಬೆಳಗಿನ ಜಾವಾನೇ ಎಲ್ರೂ ನೋಡಿದ್ರು ಅಂತ.”

“ಮತ್ತೆ...”

“ಬಾಯಿ ಬಿಡ್ಲಿಲ್ಲ. ಮೂರು ದಿನ. ಸಂಜೆ ವಾಕಿಂಗ್ ಬಸ್ ಸ್ಟ್ಯಾಂಡ್ ಕಡೆಗೇ ಹೋದೆ, ಫ್ಲೆಕ್ಸ್ ನೋಡಕ್ಕೆ. ನೀನು ಬಂದು ಹೇಳದೇ ಇದ್ದಿದ್ರೆ ನಾನು ಹೇಳ್ತಿದ್ನೋ ಇಲ್ವೋ, ನಂಗೇ ಗೊತ್ತಿಲ್ಲ. ಅದು ನೆನೆಸ್ಕೊಂಡ್ರೆ ಭಯ ಆಗುತ್ತೆ.”

ಫಿಜಾಗೆ ಮೇಷ್ಟ್ರ ಭಯ ಹಳೆಯದು. ಮೇಷ್ಟ್ರೇ ಭಯಪಟ್ಟದ್ದನ್ನು ನೋಡಿದ್ದು ಇದೇ ಮೊದಲು. ಅವಳಿಗೆ ಅಳು ಬಂತು.

“ಅಳೋದು ಆಮೇಲೆ. ಈಗ್ಲೇ ಪತ್ರ ಬರಿ,” ಎಂದರು. “ತಾರೀಖಿನ ತಪ್ಪು ನಿಂದು. ಮೂರು ದಿನದ ಮೌನ ನಂದು. ಎರಡೂ ಬರಿ.”

ಅವಳು ಫೋನಿನಲ್ಲಿ ತನ್ನ ತಪ್ಪನ್ನು ಬರೆದಳು. ಎರಡನೆಯದಕ್ಕೆ ಬೆರಳು ನಿಂತಿತು.

“ಎರಡೂ ಅಂದೆ,” ಎಂದರು ಮೇಷ್ಟ್ರು, ಅದೇ ಹಳೆಯ ದನಿಯಲ್ಲಿ.

ಬರೆದಳು. ಎರಡು ಸಾಲೂ ಕಾಣುವಂತೆ ಪುಟದ ಫೋಟೋ ತೆಗೆದು ಜೊತೆಗಿಟ್ಟಳು. ಮೇಷ್ಟ್ರು ಎದ್ದು ಕ್ಯಾಲೆಂಡರಿನ ಹಾಳೆಗೆ ಕೈ ಹಾಕಿದರು. ಬೆರಳು ನಡುಗಿ ಹಾಳೆ ಹಿಡಿತಕ್ಕೆ ಸಿಗಲಿಲ್ಲ.

“ನೀನೇ ಹರಿಯಮ್ಮ,” ಎಂದರು. “ಫ್ಲೆಕ್ಸ್ ಬಿಚ್ಚಿಸೋಕೆ ನಾನು ಹೋಗ್ತೀನಿ.”

ಫಿಜಾ ಬುಧವಾರವನ್ನು ಹರಿದಳು. ಆಮೇಲೆ ಪತ್ರಕ್ಕೆ ತಾರೀಖು ಹಾಕಿ ಕಳಿಸಿದಳು.