ಹಡಗಿನ ಕಬ್ಬಿಣ, ಕೊಟ್ಟಿಗೆಯ ತಗಡು

ಕುಬಟೂರಿನ ಗುತ್ಯಮ್ಮನ ಎಮ್ಮೆ ಕೊಟ್ಟಿಗೆಯೊಳಗೆ ಕಾಲಿಡುತ್ತಿರಲಿಲ್ಲ. ಹಸಿ ಹುಲ್ಲು ತೋರಿಸಿದರೂ ಇಲ್ಲ, ಬೈದರೂ ಇಲ್ಲ. ಬಾಗಿಲ ತಗಡಿಗೆ ಮೂತಿ ತಾಗಿದರೆ ಬೆದರಿ ಹಿಂದಕ್ಕೆ ಜಿಗಿಯುತ್ತಿತ್ತು.

“ಯಾರ್ದೋ ಕಣ್ಣು ಬಿದ್ದೈತೆ ಕಣೇ. ಸಂತೆಗೆ ಹೊಡೆದುಬಿಡಾನ,” ಎಂದು ಗುತ್ಯಮ್ಮ ಸೊಸೆ ವರದಮ್ಮನಿಗೆ ಹೇಳಿದಳು.

ಅಂದು ವರದಮ್ಮನ ತಮ್ಮ ಚಿಕ್ಕಬೀರಪ್ಪ ರಜೆಯ ಮೇಲೆ ಬಂದಿದ್ದ. ಅವನಿಗೆ ಬೊಂಬಾಯಿಯ ಸರಕು ಹಡಗಿನಲ್ಲಿ ಕರೆಂಟಿನ ಕೆಲಸ. ಮಳೆ ನಿಂತು ಅಂಗಳವೆಲ್ಲ ಕೆಸರಾಗಿತ್ತು. ಗುತ್ಯಮ್ಮ ಬರಿಗಾಲಲ್ಲಿ ಎಮ್ಮೆಯ ಹಗ್ಗ ಎಳೆಯುತ್ತ, ಇನ್ನೊಂದು ಕೈಯನ್ನು ಬಾಗಿಲ ಕಡೆ ಚಾಚಿದಳು. ಎಮ್ಮೆ ತಗಡಿಗೆ ಬೆದರಿದ್ದೂ, ಕೊಟ್ಟಿಗೆಯ ದೀಪಕ್ಕೆಂದು ತಗಡಿನ ಸೂರಿನ ಮೇಲೆ ಹಾದ ವೈರೂ ಚಿಕ್ಕಬೀರಪ್ಪನ ಕಣ್ಣಿಗೆ ಒಟ್ಟಿಗೇ ಬಿದ್ದವು.

“ಅತ್ತೇ, ತಗಡು ಮುಟ್ಬೇಡಿ! ಹಿಂದಕ್ಕೆ ಬನ್ನಿ!” ಎಂದು ಕೂಗಿದವನೇ ಮನೆಯೊಳಗೆ ಓಡಿ ಮೇನ್ ಸ್ವಿಚ್ ಆರಿಸಿದ.

“ಏನಾತಪ್ಪಾ? ಮುಟ್ಟಿದ್ರೆ ಜುಮ್ ಅಂತೈತೆ, ಅಷ್ಟೇ ಅಲ್ವಾ?”

“ನೆಲ ಒಣಗಿದ್ದಾಗ ಜುಮ್ ಅಂದಿರ್ಬೋದು. ಈ ಕೆಸರಲ್ಲಿ ಜೀವಾನೇ ತಗೋತಿತ್ತು.”

ಗುತ್ಯಮ್ಮ ನಂಬಲಿಲ್ಲ. “ಕರೆಂಟು ಹೋಗೋದು ದೀಪಕ್ಕೆ. ತಗಡಿಗೆ ಯಾಕೆ ಬರ್ತೈತೆ?”

“ನಮ್ಮ ಹಡಗು ಪೂರಾ ಕಬ್ಬಿಣ ಅತ್ತೆ. ಇಂಜಿನ್ನು ಅದುರ್ತಾನೇ ಇರ್ತೈತೆ. ಕಬ್ಬಿಣದ ತೂತಿನಾಗೆ ಹಾದುಹೋಗೋ ವೈರು ಉಜ್ಜಿ ಉಜ್ಜಿ ಮೇಲಿನ ರಬ್ಬರು ಸವೀತೈತೆ. ಆಗ ಕರೆಂಟು ಕಬ್ಬಿಣಕ್ಕೆ ಹರೀತೈತೆ. ಅಡುಗೆಯವನು ಬಾಗಿಲು ಚುಚ್ತೈತೆ ಅಂತಿದ್ದ. ಯಾರೂ ಕಿವಿಗೆ ಹಾಕ್ಕೊಳ್ಳಿಲ್ಲ. ಒಂದಿನ ಒದ್ದೆ ಕೈಯಲ್ಲಿ ಹಿಡಿದು ಬಿದ್ದೇಬಿಟ್ಟ. ಪುಣ್ಯಕ್ಕೆ ಉಳಿದ.”

ಗುತ್ಯಮ್ಮ ತನ್ನ ಅಂಗೈ ನೋಡಿಕೊಂಡಳು. “ಆಮೇಲೆ ಏನ್ ಮಾಡಿದ್ರಿ?”

“ಮೇನ್ ಆರಿಸಿ, ಯಾರೂ ತಿಳೀದೆ ಹಾಕ್ಬಾರ್ದು ಅಂತ ಅಲ್ಲೊಬ್ಬನ್ನ ನಿಲ್ಲಿಸಿದ್ವಿ. ಸವೆದ ವೈರು ತೆಗೆದು ಹೊಸದು ಎಳೆದ್ವಿ. ತೂತಿಗೆ ರಬ್ಬರಿನ ಬಳೆ ಕೂರಿಸಿದ್ವಿ. ದೀಪದ ಡಬ್ಬಿಯೊಳಗೆ ಉಪ್ಪುನೀರು ಇಳಿದಿತ್ತು, ಒಣಗಿಸಿ ಬಿಗಿಯಾಗಿ ಮುಚ್ಚಿದ್ವಿ. ಅದ್ಸರಿ ಅಕ್ಕಾ, ಇಲ್ಲಿ ಫ್ಯೂಸು ಹಾರ್ಬೇಕಿತ್ತಲ್ಲ?”

“ಹಾರ್ತಾನೇ ಇತ್ತು. ಕಾಟ ಅಂತ ನಿಮ್ಮ ಭಾವ ದಪ್ಪ ತಂತಿ ಸುತ್ತಿದ್ರು,” ಎಂದಳು ವರದಮ್ಮ.

“ಹಡಗಲ್ಲೂ ಹಿಂಗೇ ಮಾಡಿ ವೈರು ಸುಟ್ಟಿದ್ದು ನೋಡೀನಿ. ಎಲ್ಲೋ ತಪ್ಪಾಗೈತೆ ಅಂತ ಹೇಳಾಕೇ ಫ್ಯೂಸು ಹಾರೋದು ಅಕ್ಕಾ. ಅದರ ಬಾಯಿ ಕಟ್ಟಿದ್ರೆ ಮನೆಗೇ ಬೆಂಕಿ.”

ಮರುದಿನ ಚಿಕ್ಕಬೀರಪ್ಪ ಸೊರಬದ ಪೇಟೆಯಿಂದ ಹೊಸ ವೈರು, ಸರಿಯಾದ ಫ್ಯೂಸ್ ತಂತಿ ತಂದ. ಕೊಟ್ಟಿಗೆಯ ಸೂರಿನಲ್ಲಿ ತಗಡಿನ ಅಂಚು ಹಳೆಯ ವೈರನ್ನು ಕೊರೆದು ತಾಮ್ರ ಹೊಳೆಯುತ್ತಿತ್ತು. ಅವನು ಕೆಲಸ ಮಾಡುವಷ್ಟು ಹೊತ್ತೂ ಗುತ್ಯಮ್ಮ ಮೇನ್ ಸ್ವಿಚ್ಚಿನ ಕೆಳಗೆ ಕಾಲುಚಾಚಿ ಕೂತಳು. ಗದ್ದೆಯಿಂದ ಬಂದ ಮಗ ಹುಚ್ಚರಾಯಪ್ಪ ಸ್ವಿಚ್ಚಿಗೆ ಕೈ ಹಾಕಹೋದಾಗ ಅವನ ಕೈಗೇ ಒಂದೇಟು ಬಿತ್ತು.

“ಬೀರಪ್ಪ ಹೇಳೋವರ್ಗೂ ಮುಟ್ಟಬ್ಯಾಡ! ದಪ್ಪ ತಂತಿ ಸುತ್ತಿದ ಜಾಣ!”

ಹುಚ್ಚರಾಯಪ್ಪ ನಗುತ್ತ ತಪ್ಪೊಪ್ಪಿಕೊಂಡ. ಚಿಕ್ಕಬೀರಪ್ಪ ಹೊಸ ವೈರನ್ನು ತಗಡಿಗೆ ತಾಗದಂತೆ ಎಳೆದು, ಸರಿಯಾದ ಫ್ಯೂಸ್ ತಂತಿ ಕಟ್ಟಿ, ಮೇನ್ ಹಾಕಿದ. ಸಂಜೆ ಎಮ್ಮೆ ತಾನಾಗಿಯೇ ಒಳಗೆ ಹೋಗಿ ಹುಲ್ಲಿಗೆ ಬಾಯಿ ಹಾಕಿತು. ಗುತ್ಯಮ್ಮ ಅದರ ಬೆನ್ನು ಸವರುತ್ತ ಬಹಳ ಹೊತ್ತು ಅಲ್ಲೇ ನಿಂತಿದ್ದಳು.

ಅಣ್ಣಂದಿರೇ, ಅಕ್ಕಂದಿರೇ, ನಮ್ಮೂರುಗಳಿಗೆ ಈಗಷ್ಟೇ ಕರೆಂಟು ಬರುತ್ತಿದೆ. ತಗಡು, ಗೋಡೆ, ಬಟ್ಟೆ ಒಣಹಾಕುವ ತಂತಿ, ಯಾವುದು ಜುಮ್ ಎಂದರೂ ಸುಮ್ಮನಿರಬೇಡಿ. ದೂರ ಸರಿಯಿರಿ, ಒಣ ಜಾಗದಲ್ಲಿ ನಿಂತು ಮೇನ್ ಆರಿಸಿ, ತಿಳಿದ ವೈರ್‌ಮನ್‌ಗೆ ಹೇಳಿಕಳಿಸಿ. ಫ್ಯೂಸು ಹಾರಿದರೆ ದಪ್ಪ ತಂತಿ ಸುತ್ತಬೇಡಿ. ಇವತ್ತೇ ನಿಮ್ಮ ಮನೆಯ ವೈರು ಎಲ್ಲೆಲ್ಲಿ ತಗಡಿಗೆ ತಾಗಿದೆ, ಒಮ್ಮೆ ಕಣ್ಣಾಡಿಸಿ. ನೋಡಿ ಸಾಕು, ಕೈ ಹಾಕಬೇಡಿ.