ಬಾಬಿನ್‌ಗೆ ಹೇಳಿದ ಮಾತು

ನಮ್ಮ ಚಿಕ್ಕಪ್ಪ ಎದುರಿಗಿದ್ದವರಿಗೆ ನೇರವಾಗಿ ಒಂದು ಮಾತು ಹೇಳಿದ್ದನ್ನು ನಾನು ಬಹುಕಾಲ ಕಂಡವನಲ್ಲ. ಹಾಗೆಂದು ಅವನು ಮಿತಭಾಷಿಯೇನಲ್ಲ. ಅಂಗಡಿಯ ಬಾಗಿಲಿನೊಡನೆ ತೆರೆದುಕೊಂಡ ಅವನ ಬಾಯಿ ಬಾಗಿಲು ಹಾಕುವವರೆಗೂ ಮುಚ್ಚುತ್ತಿರಲಿಲ್ಲ. ಆದರೆ ಆ ವಾಕ್ಪ್ರವಾಹಕ್ಕೆ ಯಾವಾಗಲೂ ನಡುವೆ ಒಬ್ಬ ಮಧ್ಯಸ್ಥ ಬೇಕಾಗಿತ್ತು. ಕೆಟ್ಟ ಹೊಲಿಗೆ ಯಂತ್ರವನ್ನು ಹೊತ್ತು ತಂದ ಗಿರಾಕಿಯನ್ನು ಕಣ್ಣೆತ್ತಿಯೂ ನೋಡದೆ, ಯಂತ್ರದ ಬೆನ್ನು ಸವರಿ, "ಏನಮ್ಮ, ಎಣ್ಣೆಯ ಮುಖ ನೋಡಿ ಎಷ್ಟು ಕಾಲ ಆಯ್ತು? ನಿನ್ನ ಯಜಮಾನಿಗೆ ಅಷ್ಟೂ ತೋಚಲಿಲ್ವಾ?" ಎಂದು ಕೇಳುವನು. ಯಜಮಾನಿ ಪಕ್ಕದಲ್ಲೇ ನಿಂತು ಕೆಂಪಾಗುವಳು. ಬೈಗುಳ ಯಂತ್ರಕ್ಕೆ, ಬುದ್ಧಿ ಮನುಷ್ಯರಿಗೆ ಎಂಬುದು ಅವನ ವ್ಯವಹಾರನೀತಿಯೆಂದು ನಾವೆಲ್ಲ ಹೇಳಿಕೊಂಡು ನಗುತ್ತಿದ್ದೆವು.

ಊರಿಗೆಲ್ಲ ಅವನು 'ಕಿವಿ ಮೇಸ್ತ್ರಿ'. ಯಂತ್ರವನ್ನು ಬಿಚ್ಚುವ ಮೊದಲು ಅದರ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತ, ಎಡಗಿವಿಯನ್ನು ಅದರ ಮೈಗೆ ಆನಿಸಿ, ಕಣ್ಣು ಮುಚ್ಚಿ, ತೊಟ್ಟಿಲ ಕೂಸಿನ ಉಸಿರು ಕೇಳುವವನಂತೆ ಆಲಿಸಿ, ಕೆಟ್ಟದ್ದು ಎಲ್ಲಿ ಎಂದು ಹೇಳಿಬಿಡುವನು. ಅವನ ಮಾತು ಹುಸಿಯಾಗುತ್ತಿದ್ದುದು ಅಪರೂಪ. ಹೀಗೆ ಬಾಗಿ ಬಾಗಿ ಆ ನೀಳವಾದ ಶರೀರ ಎಡಕ್ಕೆ ಓರೆಯಾಗಿ, ರಸ್ತೆಯಲ್ಲಿ ನಡೆದುಬರುವಾಗ ಕಿವಿ ಮುಂದೆ, ಮನುಷ್ಯ ಹಿಂದೆ ಎಂಬಂತೆ ತೋರುತ್ತಿತ್ತು. ಮೈಮೇಲೆ ಸದಾ ಒಂದು ಕಂದು ಕೋಟು. ಅದರ ಬಲಜೇಬಿನಲ್ಲಿ ಸ್ಕ್ರೂಡ್ರೈವರು, ಸೂಜಿಯ ಡಬ್ಬಿ, ಅವುಗಳ ಜೊತೆಗೇ ಒಂದಿಷ್ಟು ಮುರಿದ ಬಿಸ್ಕತ್ತು. ಬಿಸ್ಕತ್ತು ನಾಯಿಗೆ. ಯಂತ್ರದೆಣ್ಣೆಯ ವಾಸನೆ ಹಿಡಿದ ಆ ತುಣುಕುಗಳನ್ನು ಆಸೆಪಟ್ಟು ತಿನ್ನಬಲ್ಲ ಜೀವಿ ಪ್ರಪಂಚದಲ್ಲಿ ಅದೊಂದೇ ಇದ್ದಿರಬೇಕು.

ನಾಯಿಯ ಹೆಸರು ಬಾಬಿನ್. ಹೊಲಿಗೆ ಯಂತ್ರದ ಅಡಿಯಲ್ಲಿ ಕೂರುವ, ನೂಲು ತುಂಬಿದ ಬಾಬಿನ್ನಿನ ಹಾಗೆ ದುಂಡಗೆ ಉರುಳಾಡುತ್ತಿದ್ದ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದ ಚಿಕ್ಕಮ್ಮನೇ ಅದಕ್ಕೆ ಆ ಹೆಸರಿಟ್ಟಳು. ಅಂಗಡಿಯ ಮುಂಭಾಗದಲ್ಲಿ ಚಿಕ್ಕಪ್ಪನ ರಿಪೇರಿಯ ಮೇಜು, ಬಟ್ಟೆಯ ಪರದೆಯಾಚೆ ಚಿಕ್ಕಮ್ಮನ ಹೊಲಿಗೆ, ಅದರಾಚೆ ಮನೆ. ಶಾಲೆಯ ಸಮವಸ್ತ್ರ, ಕಿಟಕಿಯ ತೆರೆ, ದಿಂಬಿನ ಚೀಲ, ಏನು ಬಂದರೂ ಅವಳು ಇಲ್ಲವೆನ್ನುತ್ತಿರಲಿಲ್ಲ. ಪರದೆಯ ಕೆಳಗೆ, ತಲೆ ಇತ್ತ, ಬಾಲ ಅತ್ತ, ಬಾಬಿನ್ ಮಲಗಿರುತ್ತಿದ್ದ.

ಗಂಡಹೆಂಡಿರ ನಡುವೆ ಮಾತು ನಿಂತದ್ದು ಚಿಕ್ಕಮ್ಮನ ಅಕ್ಕನ ಮಗಳ ಮದುವೆಯಲ್ಲಿ. ಮದುಮಗಳ ಉಡುಪನ್ನು ಹೊಲಿದವಳು ಚಿಕ್ಕಮ್ಮ. ಹೊಲಿಯುವಾಗಲೇ ಅವಳಿಗೆ ಅನುಮಾನ ಬಂದು, "ಹೊಲಿಗೆ ಯಾಕೋ ಸಡಿಲ ಬೀಳ್ತಿದೆ, ಒಂದ್ಸಲ ನೋಡಿ" ಎಂದಿದ್ದಳು. ಹಿಂದಿನ ವಾರವಷ್ಟೇ ಆ ಯಂತ್ರವನ್ನು ಬಿಚ್ಚಿ ಒರೆಸಿಟ್ಟಿದ್ದ ಚಿಕ್ಕಪ್ಪ ಕಿವಿಯಾನಿಸಿ, "ಸದ್ದು ಬಂಗಾರದಂಗಿದೆ, ನಿನಗೇನೂ ಆಗಿಲ್ಲ ಬಿಡು" ಎಂದು ಯಂತ್ರಕ್ಕೇ ಅಭಯ ಕೊಟ್ಟು ಎದ್ದುಹೋದ. ಮದುವೆಯ ದಿನ ತುಂಬಿದ ಸಭೆಯಲ್ಲಿ ಯಾರನ್ನೋ ತಬ್ಬಿಕೊಳ್ಳಲು ಹುಡುಗಿ ತೋಳೆತ್ತಿದಳು. ಕಂಕುಳಿನಿಂದ ಸೊಂಟದವರೆಗೆ ಹೊಲಿಗೆ ಬಿಚ್ಚಿಕೊಂಡಿತು. "ಕಿವಿ ಮೇಸ್ತ್ರಿ ಮನೆ ಮೆಷಿನ್ನೇ ಕೆಟ್ಟಿತ್ತಾ ಹಾಗಾದ್ರೆ?" ಎಂದು ಯಾರೋ ತಮಾಷೆ ಮಾಡಿದರು. ತನ್ನ ಕಿವಿಯ ಕೀರ್ತಿಗೆ ಬಂದ ಕುತ್ತನ್ನು ಕಂಡು ದಿಕ್ಕುತೋಚದ ಚಿಕ್ಕಪ್ಪ ಚಾವಣಿಯ ಕಡೆ ನೋಡಿ, "ಮೆಷಿನ್ ಸರಿಯಾಗೇ ಇದೆ. ಕೈ ಸರಿಯಿಲ್ಲ" ಎಂದುಬಿಟ್ಟ. ಜನ ನಕ್ಕರು. ಚಿಕ್ಕಮ್ಮ ಹುಡುಗಿಯನ್ನು ಒಳಗೆ ಕರೆದೊಯ್ದು, ಮೈಮೇಲೆಯೇ ಕೈಹೊಲಿಗೆ ಹಾಕಿ ಮುಗಿಸುವವರೆಗೂ ತಲೆ ಎತ್ತಲಿಲ್ಲ.

ಆ ಮೇಲೆ ಒಂದು ದಿನ, ಅವಳಿಲ್ಲದ ಹೊತ್ತು ನೋಡಿ, ಚಿಕ್ಕಪ್ಪ ಯಂತ್ರ ಬಿಚ್ಚಿದ. ಅಡಿನೂಲಿನ ಬಾಬಿನ್ನನ್ನು ಕೂರಿಸುವ ಕೇಸಿನ ಮೇಲೆ ಎಳ್ಳುಕಾಳಿನಷ್ಟು ಸಣ್ಣ ಸ್ಕ್ರೂ ಒಂದಿರುತ್ತದೆ. ಅಡಿನೂಲಿನ ಬಿಗಿಯೆಲ್ಲ ಅದರದು. ಒರೆಸುವಾಗ ಅವನೇ ಅದನ್ನು ಸಡಿಲಿಸಿದ್ದ, ಮತ್ತೆ ಬಿಗಿಮಾಡಲು ಮರೆತಿದ್ದ. ಬಿಗಿಯಾಗಿದ್ದರೂ ಸಡಿಲವಾಗಿದ್ದರೂ ಆ ಸ್ಕ್ರೂ ಸದ್ದು ಮಾಡುವುದಿಲ್ಲ. ಚಿಕ್ಕಪ್ಪ ಅದನ್ನು ತಿರುಗಿಸಿ ಬಿಗಿಮಾಡಿದ, ಯಂತ್ರವನ್ನು ಮೊದಲಿದ್ದಂತೆಯೇ ಇಟ್ಟ, ಹೊರಗೆ ಬಂದು ಕೂತ. ಹೇಳುವುದಿದ್ದರೆ ಒಂದು ಉಸಿರಿನ ಮಾತು. ಇವತ್ತು ಬೇಡ ನಾಳೆ ಎಂದುಕೊಂಡ. ಆ ನಾಳೆ ವರ್ಷಗಟ್ಟಲೆ ಬೆಳೆಯಿತು.

ಚಿಕ್ಕಮ್ಮ ಮಾತು ಬಿಟ್ಟಳಾದರೂ ಮನೆ ನಡೆಯಬೇಕಲ್ಲ. "ಬಾಬಿನ್, ಊಟ ಆರ್ತಿದೆ ಅಂತ ಅವರಿಗೆ ಹೇಳು" ಎಂದು ಪರದೆಯಾಚೆಯಿಂದ ಶುರುಮಾಡಿದವಳು ಅವಳೇ. ಚಿಕ್ಕಪ್ಪನಿಗೋ, ಮಧ್ಯಸ್ಥನ ಮೂಲಕ ಮಾತನಾಡುವುದು ಹುಟ್ಟುಗುಣ. ಮೀನಿಗೆ ನೀರು ಸಿಕ್ಕಂತಾಯಿತು. "ಬಾಬಿನ್, ನನ್ನ ಕನ್ನಡಕ ಎಲ್ಲಿಟ್ಟಿದ್ದಾಳೆ ಕೇಳು." "ಬಾಬಿನ್, ತಲೆ ಮೇಲಿದೆ ಅಂತ ಹೇಳು." ನಾಯಿ ಒಮ್ಮೆ ಇವನ ಮುಖ, ಒಮ್ಮೆ ಅವಳ ಮುಖ ನೋಡುತ್ತ, ರಾಯಭಾರಿಯ ಗಾಂಭೀರ್ಯದಿಂದ ಕೂತಿರುತ್ತಿತ್ತು. ಬಂದವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಇಬ್ಬರಿಗೂ ಆ ನಾಯಿಯೆಂದರೆ ಪ್ರಾಣ ಎಂದು ನಾವು ಊರಿಗೆಲ್ಲ ಹೇಳಿಕೊಂಡು ಬಂದೆವು. ಅವರೂ ಹಾಗೆಯೇ ನಂಬಿದ್ದರು.

ಬಾಬಿನ್‌ಗೆ ವಯಸ್ಸಾಯಿತು. ಕರೆದರೆ ಬರುವುದನ್ನು ನಿಲ್ಲಿಸಿದ. "ಮುದ್ದು ಜಾಸ್ತಿಯಾಗಿ ಸೊಕ್ಕು ಬಂದಿದೆ ಅಂತ ಹೇಳು" ಎಂದು ಚಿಕ್ಕಮ್ಮ ನಾಯಿಗೇ ನಾಯಿಯ ದೂರು ಹೇಳಿ ಕಳಿಸಿದಳು. ಈ ಒಂದು ವಿಷಯದಲ್ಲಿ ದಂಪತಿಗಳು ಒಮ್ಮತಕ್ಕೆ ಬಂದರು. ಚಿಕ್ಕಪ್ಪ ಶಿಕ್ಷೆಯೊಂದನ್ನು ಜಾರಿಗೆ ತಂದ: ಕರೆದಾಗ ಬರದಿದ್ದರೆ ಬಿಸ್ಕತ್ತಿಲ್ಲ. ಹೊತ್ತು ಕಳೆದ ಮೇಲೆ ತಾನಾಗಿ ಬಂದು ಕೋಟಿನ ಜೇಬಿಗೆ ಮೂಗು ಒತ್ತಿದ ನಾಯಿಯ ಎದುರಿಗೇ ಜೇಬಿನ ಗುಂಡಿ ಹಾಕಿ, "ಅಷ್ಟು ಸಲ ಕೂಗಿದೆ, ಆಗೆಲ್ಲಿದ್ಯೋ?" ಎನ್ನುವನು. ನಾಯಿ ಅವನ ತುಟಿಗಳನ್ನೇ ನೋಡುತ್ತ ಬಾಲವಾಡಿಸುವುದು.

ಇಷ್ಟರಲ್ಲೂ ಅವನಿಗೊಂದು ಗುಟ್ಟಿನ ನೇಮವಿತ್ತು. ಅದನ್ನು ಅವನೇ ಆಮೇಲೆ ನನಗೆ ಹೇಳಿದ. ಸಂಜೆ ಅಂಗಡಿಯ ಬಾಗಿಲು ಹಾಕಿ, ಪರದೆಯಾಚೆ ಪೆಡಲಿನ ಸದ್ದು ನಿಂತು, ಅವಳು ಅಡುಗೆಮನೆಗೆ ಹೋಗಿರಬೇಕು ಅನ್ನಿಸಿದ ಮೇಲೆ, ಅವನು ನೆಲದಲ್ಲಿ ಬಾಬಿನ್‌ನ ಪಕ್ಕ ಕೂರುತ್ತಿದ್ದ. "ಅವಳಿಗೆ ಹೇಳಪ್ಪ. ತಪ್ಪು ಕೈದಲ್ಲ, ಸ್ಕ್ರೂದು. ಸ್ಕ್ರೂದೂ ಅಲ್ಲ, ನಂದು." ಇಷ್ಟು ಹೇಳಿದರೆ ಎದೆ ಹಗುರವಾಗಿ, ಅಂದಿನ ಊಟ ರುಚಿಯಾಗುತ್ತಿತ್ತಂತೆ. "ಹೇಳಿ ಆಯ್ತಲ್ಲ ಅನ್ನಿಸಿಬಿಡ್ತಿತ್ತು ಕಣೋ" ಎಂದ.

ಬಾಬಿನ್‌ನ ಉಗುರು ಮುರಿದು ಕೀವಾದಾಗ ಅವರನ್ನು ಕಾರಿನಲ್ಲಿ ಪ್ರಾಣಿಗಳ ಡಾಕ್ಟರ ಬಳಿಗೆ ಕರೆದೊಯ್ದವನು ನಾನು. ಬಿಳಿ ಗೋಡೆಯ ಸಣ್ಣ ಕೋಣೆ. ಎತ್ತರದ ಮೇಜಿನ ಮೇಲೆ ನಾಯಿ. ಡಾಕ್ಟರು ವಯಸ್ಸಿನಲ್ಲಿ ಕಿರಿಯ ಹೆಂಗಸು. "ಯಾವಾಗಿಂದ ಕುಂಟ್ತಿದಾನೆ?" ಎಂದು ಕೇಳಿದರು.

"ಹೇಳೋ ಬಾಬಿನ್, ಯಾವಾಗಿಂದ ಅಂತ" ಎಂದ ಚಿಕ್ಕಪ್ಪ.

"ಬಾಬಿನ್, ಮೊನ್ನೆಯಿಂದ ಅಂತ ಅವರಿಗೆ ಹೇಳು" ಎಂದಳು ಚಿಕ್ಕಮ್ಮ.

ಡಾಕ್ಟರು ಇವನನ್ನು ನೋಡಿದರು, ಅವಳನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ನಾನು ಗೋಡೆಯ ಗಡಿಯಾರ ನೋಡಿದೆ. ಪಟ್ಟಿ ಕಟ್ಟಿ ತಿರುಗುವಾಗ ಅವರ ಮೊಣಕೈ ತಗುಲಿ, ನಾಯಿಯ ಹಿಂದಿದ್ದ ಕಬ್ಬಿಣದ ಗೂಡಿನ ಮೇಲೆ ಸ್ಟೀಲಿನ ತಟ್ಟೆಯೊಂದು ಬಿದ್ದು ಕೋಣೆಯೆಲ್ಲ ಝಣಗುಟ್ಟಿತು. ನಾವೆಲ್ಲ ಬೆಚ್ಚಿಬಿದ್ದೆವು. ಬಾಬಿನ್‌ನ ಕಿವಿ ಸಹ ಅಲುಗಲಿಲ್ಲ. ಡಾಕ್ಟರು ಹುಬ್ಬು ಗಂಟಿಕ್ಕಿ, ಅವನ ತಲೆಯ ಹಿಂದೆ ಚಪ್ಪಾಳೆ ತಟ್ಟಿದರು, ಬೀಗದ ಕೈ ಗೊಂಚಲು ಅಲ್ಲಾಡಿಸಿದರು, ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು.

"ಇವನಿಗೆ ಕಿವಿ ಕೇಳಲ್ಲ. ಇದು ಈಚಿನದಲ್ಲ, ವರ್ಷಗಳೇ ಆಗಿರಬೇಕು. ನಿಮಗೆ ಗೊತ್ತಿರಲಿಲ್ವಾ?"

ಆಪಾದನೆಯ ದನಿಯೇನೂ ಇರಲಿಲ್ಲ, ಸಹಜವಾಗಿಯೇ ಕೇಳಿದ್ದು. ಆದರೆ ಚಿಕ್ಕಪ್ಪನ ಮುಖ ನೋಡನೋಡುತ್ತಿದ್ದಂತೆ ಕಪ್ಪಿಟ್ಟಿತು. ಊರಿನ ಯಂತ್ರಗಳ ನರಳಿಕೆಯನ್ನೆಲ್ಲ ಕೇಳಿ ಅರಿತವನು ತನ್ನ ಕಾಲ ಬುಡದ ಜೀವ ಏನನ್ನೂ ಕೇಳುತ್ತಿಲ್ಲ ಎಂಬುದನ್ನು ಅರಿಯಲಿಲ್ಲ. ನೆಲ ಬಾಯಿಬಿಟ್ಟು ನುಂಗಬಾರದೆ ಎಂಬಂತೆ ಅವನು ನೆಲವನ್ನೇ ನೋಡಿದ.

"ಕರೆದ್ರೆ ಬರ್ತಿರಲಿಲ್ಲ" ಎಂದ, ಮೊದಲ ಸಲ ಎದುರಿಗಿದ್ದವರಿಗೆ ನೇರವಾಗಿ. "ಸೊಕ್ಕು ಅಂದ್ಕೊಂಡೆ. ಬಿಸ್ಕತ್ತು ಕೊಡ್ಲಿಲ್ಲ."

"ನಡೆದ್ರೆ ನೆಲ ನಡುಗತ್ತಲ್ಲ, ಅದು ತಿಳಿಯುತ್ತೆ ಅವನಿಗೆ. ಉಳಿದದ್ದು ನಿಮ್ಮ ಮುಖ ನೋಡಿ ತಿಳ್ಕೊಳ್ತಾನೆ" ಎಂದು ಡಾಕ್ಟರು ಮೃದುವಾಗಿ ಹೇಳಿದರು. ಅದು ಚಿಕ್ಕಪ್ಪನ ನಾಚಿಕೆಯನ್ನು ಇನ್ನಷ್ಟು ಹೆಚ್ಚಿಸಿತು.

ಹಿಂದಿರುಗುವಾಗ ಅವರಿಬ್ಬರೂ ಕಾರಿನ ಹಿಂದಿನ ಸೀಟಿನಲ್ಲಿ, ನಡುವೆ ಬಾಬಿನ್. "ಬಾಬಿನ್, ಅವಳಿಗೆ..." ಎಂದು ಚಿಕ್ಕಪ್ಪ ಅಭ್ಯಾಸಬಲದಿಂದ ಶುರುಮಾಡಿ, ಅರ್ಧಕ್ಕೇ ನಿಲ್ಲಿಸಿದ. ಇಷ್ಟು ಕಾಲ ತಾನು ತಪ್ಪೊಪ್ಪಿಕೊಂಡದ್ದು ಯಾರ ಕಿವಿಗೂ ಬಿದ್ದಿಲ್ಲ ಎಂಬುದು ಆ ಕ್ಷಣ ಅವನಿಗೆ ಹೊಳೆದಿರಬೇಕು. ಓರೆಯಾದ ಕತ್ತು ತಿರುಗದ್ದರಿಂದ ಇಡೀ ಮೈಯನ್ನು ಹೆಂಡತಿಯ ಕಡೆ ತಿರುಗಿಸಿದ.

"ಏ, ಕೇಳಿಲ್ಲಿ. ಅವತ್ತು ಮೆಷಿನ್ ಸರಿಯಿರಲಿಲ್ಲ. ಸ್ಕ್ರೂ ಬಿಗಿ ಮಾಡೋದು ನಾನೇ ಮರೆತಿದ್ದೆ. ನಿನ್ನ ಕೈಯಲ್ಲಿ ತಪ್ಪಿರಲಿಲ್ಲ."

ಚಿಕ್ಕಮ್ಮ ಕಿಟಕಿಯಾಚೆ ನೋಡುತ್ತಲೇ, "ಗೊತ್ತು" ಎಂದಳು. "ದಿನಾ ಸಂಜೆ ಕೇಳಿಸ್ತಿತ್ತು. ಮಧ್ಯೆ ಇರೋದು ಪರದೆ ರೀ, ಗೋಡೆಯಲ್ಲ."

"ಮತ್ತೆ ಯಾಕೆ ಏನೂ ಅನ್ನಲಿಲ್ಲ?"

"ನೀವು ಹೇಳ್ತಿದ್ದದ್ದು ನಾಯಿಗೆ. ನಾನ್ಯಾಕೆ ಉತ್ತರ ಕೊಡ್ಲಿ?"

ಕನ್ನಡಿಯಲ್ಲಿ ನನಗೆ ಕಂಡದ್ದು ಚಿಕ್ಕಪ್ಪನ ಬಗ್ಗಿದ ತಲೆ ಮಾತ್ರ. ಚಿಕ್ಕಮ್ಮ ನಾಯಿಯ ಕಿವಿಯನ್ನು ಬೆರಳಲ್ಲಿ ಮಡಿಸುತ್ತ ಬಿಡಿಸುತ್ತ, "ನನಗೂ ನಾಚಿಕೆಯಾಗ್ತಿದೆ" ಎಂದಳು. "ಊಟ ಆರ್ತಿದೆ, ಕನ್ನಡಕ ಸಿಗ್ತಿಲ್ಲ, ಎಲ್ಲಾ ಇವನ ತಲೆ ಮೇಲೆ ಹೇರಿದ್ವಿ. ಇವನಿಗೇನಾಗಿದೆ ಅಂತ ಇಬ್ರೂ ನೋಡ್ಲಿಲ್ಲ."

ಈಗ ಚಿಕ್ಕಪ್ಪ ಹಿಮ್ಮಡಿಯಿಂದ ನೆಲ ತಟ್ಟಿ ಬಾಬಿನ್‌ನನ್ನು ಕರೆಯುತ್ತಾನೆ. ಬಾರದಿದ್ದರೆ ತಾನೇ ಎದ್ದುಹೋಗಿ ಬಿಸ್ಕತ್ತು ಕೊಟ್ಟು ಬರುತ್ತಾನೆ. ಜೇಬಿನ ಗುಂಡಿಯನ್ನು ಕಿತ್ತುಹಾಕಿದ್ದಾನೆ. ಹೆಂಡತಿಗೆ ಹೇಳುವುದನ್ನು ಹೆಂಡತಿಗೇ ಹೇಳುತ್ತಾನೆ, ತಡವರಿಸುತ್ತ, ಅರ್ಧ ಮಾತು ನುಂಗುತ್ತ, ಕೈಯನ್ನು ಮಾತ್ರ ನಾಯಿಯ ತಲೆಯ ಮೇಲಿಟ್ಟುಕೊಂಡು.

ಇಂಥವರು ಲೋಕದಲ್ಲಿ ಬಹಳ ಮಂದಿ. ನಾಯಿಯನ್ನೋ ಬೆಕ್ಕನ್ನೋ ಮುದ್ದಿಸುವವರನ್ನು ಕಂಡಾಗಲೆಲ್ಲ ನಾನು ಅವರಲ್ಲಿ ಚಿಕ್ಕಪ್ಪನನ್ನು ಹುಡುಕುತ್ತೇನೆ. ಕೆಟ್ಟವರಲ್ಲ, ಪ್ರೀತಿಗೂ ಕೊರತೆಯಿಲ್ಲ, ಇರುವುದು ಎದುರಿನ ಕಣ್ಣುಗಳ ಅಂಜಿಕೆ. ಮರುಮಾತಾಡದ ಒಂದು ಜೀವದ ಮುಂದೆ ಎದೆ ಬಿಚ್ಚಿ, ಹೇಳಬೇಕಾದವರಿಗೇ ಹೇಳಿಬಿಟ್ಟೆವೆಂಬ ನೆಮ್ಮದಿಯಲ್ಲಿ ಉಂಡು ಮಲಗುತ್ತಾರೆ; ಆ ಜೀವಕ್ಕಾದರೂ ಮಾತು ತಲುಪಿತೇ ಎಂದು ಒಮ್ಮೆಯೂ ತಿರುಗಿ ನೋಡುವುದಿಲ್ಲ. ಆ ಜೀವವೋ, ಏನೊಂದೂ ಕೇಳಿಸದಿದ್ದರೂ, ಜೇಬಿನ ಗುಂಡಿ ಹಾಕಿದವರ ಮುಖವನ್ನೇ ನೋಡುತ್ತ ಬಾಲವಾಡಿಸುತ್ತ ಕೂತಿರುತ್ತದೆ, ನಾಚಿಕೊಳ್ಳುವ ಕೆಲಸವನ್ನು ಮನುಷ್ಯರಿಗೆ ಬಿಟ್ಟು.